ಪಾರಿವಾಳ ಗೋಪುರದ ನಕ್ಷೆ

1993ರ ಮಾರ್ಚ್ 8, ಸೋಮವಾರ ಬೆಳಿಗ್ಗೆ 9-40ಕ್ಕೆ ಆಶ್‌ವರ್ಡಿನ್ ಪೊಲೀಸ್ ಠಾಣೆಯ ದೂರು ಪುಸ್ತಕದಲ್ಲಿ, ಹನ್ನೊಂದು ಕುರಿ ಕಾಣೆಯಾದ ದೂರಿನ ಕೆಳಗೆ, ಒಂದು ಕಾಗದ ಕಾಣೆಯಾದ ದೂರು ದಾಖಲಾಯಿತು. ಕುರಿಗಳದ್ದನ್ನು ಕಾನ್‌ಸ್ಟೆಬಲ್ ಗೆಥಿನ್ ಪ್ಯೂ ನಾಲ್ಕು ಸಾಲಿನಲ್ಲಿ ಮುಗಿಸಿದ್ದ. ಕಾಗದದ್ದು ಒಂದೂವರೆ ಪುಟ ಹಿಡಿಯಿತು.

ದೂರು ಕೊಟ್ಟವಳು ಹ್ಯಾರಿಯೆಟ್ ವಿನ್‌ವುಡ್, ಐವತ್ನಾಲ್ಕು ವರ್ಷ, ವಿಸ್ಟನ್‌ಕೋಟ್ ಹಾಲ್ ಎಂಬ ದೊಡ್ಡಮನೆಯ ಒಡತಿ. ಕೆಸರು ಮೆತ್ತಿದ ರಬ್ಬರ್ ಬೂಟಿನಲ್ಲೇ ಬಂದಿದ್ದಳು. ಇನ್‌ಸ್ಪೆಕ್ಟರ್ ಡಿಲಿಸ್ ಟ್ರಾಂಟರ್ ಅವಳನ್ನು ಒಳಗೆ ಕೂರಿಸಿಕೊಂಡು ತಾನೇ ಪ್ರಶ್ನೆ ಕೇಳಿದಳು.

"ಕಳೆದದ್ದು ಏನು?"

"ನಕ್ಷೆ. 1784ರದ್ದು. ನಮ್ಮ ಮನೆ ಕಟ್ಟಿದವನೇ ಸುತ್ತಲಿನ ಹೊರಕಟ್ಟಡಗಳಿಗೆ ಬರೆದುಕೊಟ್ಟಿದ್ದು. ಲಾಯ, ಗಾಡಿಮನೆ, ಬಟ್ಟೆ ಒಗೆಯೋ ಮನೆ, ಬಿಯರ್ ಮನೆ, ಹಾಲಿನ ಮನೆ, ನಾಯಿಮನೆ, ಪಾರಿವಾಳ ಸಾಕೋ ಗೋಪುರ, ಮಂಜುಗಡ್ಡೆ ಇಡೋ ಗುಂಡಿ, ಹಂದಿದೊಡ್ಡಿ. ಒಂದಕ್ಕೆ ಒಂದು ಹಾಳೆ."

"ಒಂಬತ್ತೂ ಹೋಗಿವೆಯಾ?"

"ಇಲ್ಲ. ಏಳನೇದು ಮಾತ್ರ. ಪಾರಿವಾಳದ್ದು."

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಪ್ಯೂ ತಲೆ ಎತ್ತಿದ. "ಲಾಯದ ನಕ್ಷೆ ಬಿಟ್ಟು ಪಾರಿವಾಳದ್ದು ತಗೊಂಡ್ನಾ? ಕಳ್ಳನಿಗೆ ಹೊಟ್ಟೆ ಸಣ್ಣದು ಮೇಡಂ."

"ನೀನು ಬರಿ," ಅಂದಳು ಟ್ರಾಂಟರ್.

ಒಂಬತ್ತೂ ಹಾಳೆ ಒಂದೇ ಕಟ್ಟಾಗಿ ಹೊರದೇಶದ ಸಂಗ್ರಾಹಕನೊಬ್ಬನಿಗೆ ಮಾರಾಟವಾಗಿತ್ತು. ಶುಕ್ರವಾರ, 12ನೇ ತಾರೀಕು, ಲಂಡನ್ನಿನಿಂದ ವ್ಯಾನ್ ಬರುವುದಿತ್ತು. ಒಂದು ಹಾಳೆ ಕಡಿಮೆಯಾದರೂ ಮಾರಾಟ ಮುರಿಯುತ್ತದೆ. ಮಾರಾಟ ಮುರಿದರೆ ದೊಡ್ಡಮನೆಯ ಉತ್ತರದ ಚಾವಣಿ ಇನ್ನೊಂದು ಚಳಿಗಾಲ ಕಾಣುವುದಿಲ್ಲ.

"ಕಳೆದದ್ದು ಗೊತ್ತಾದದ್ದು ಹೇಗೆ?"

"ನಿನ್ನೆ ಸಂಜೆ ಕೊನೇ ಸಲ ಒಮ್ಮೆ ನೋಡೋಣ ಅಂತ ತೆಗೆದೆ." ಅವಳು ಕೈಗವಸು ಬಿಚ್ಚಿದಳು, ಮತ್ತೆ ಹಾಕಿಕೊಂಡಳು. "ಏಳನೇದರ ಜಾಗದಲ್ಲಿ ಖಾಲಿ ಕಾಗದ ಇತ್ತು. ಅಷ್ಟೇ ಅಳತೆದು."

ಸ್ಥಳದ ಮಹಜರು ಬೆಳಿಗ್ಗೆ 11-15ಕ್ಕೆ ಶುರುವಾಯಿತು. ಎಸ್ಟೇಟ್ ಕಚೇರಿಯೆಂದರೆ ಲಾಯದ ಪಕ್ಕದ ಕೋಣೆ. ನಕ್ಷೆಗಳನ್ನು ಇಡುವ ಅಗಲವಾದ ಡ್ರಾಯರುಗಳ ಪೆಟ್ಟಿಗೆ ಕಿಟಕಿಯ ಕೆಳಗಿತ್ತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿ, ಒಂದು ಹಳೆಯ ಮಳೆಕೋಟಿನ ಕೆಳಗೆ ತೂಗುತ್ತಿತ್ತು.

"ಇದು ಯಾರಿಗೆ ಗೊತ್ತು?" ಟ್ರಾಂಟರ್ ಕೇಳಿದಳು.

"ಯಾರಿಗೂ ಗೊತ್ತಿಲ್ಲ," ಅಂದ ಎಸ್ಟೇಟಿನ ವ್ಯವಹಾರ ನೋಡಿಕೊಳ್ಳುವ ಏಜೆಂಟ್ ಕ್ರಿಸ್ಪಿನ್ ಲಾಕ್ಸ್‌ಡೇಲ್. ಮೂವತ್ತು ದಾಟದ ಮನುಷ್ಯ, ಕೆಂಪು ಪ್ಯಾಂಟು.

"ಎಲ್ಲಾರಿಗೂ ಗೊತ್ತು," ಅಂದಳು ನೆಲ ಒರೆಸುತ್ತಿದ್ದ ಐವಿ ಗಫ್, ತಲೆ ಎತ್ತದೆ. ಮೂವತ್ತು ವರ್ಷದಿಂದ ಅಲ್ಲಿ ಕಸ ಗುಡಿಸುವವಳು. "ನಮ್ಮ ಬೆಕ್ಕಿಗೊಂದು ಗೊತ್ತಿಲ್ಲ ಅಷ್ಟೆ."

ಲಾಕ್ಸ್‌ಡೇಲ್ ಮುಖ ಸಿಂಡರಿಸಿ ಟ್ರಾಂಟರಳನ್ನು ಪಕ್ಕಕ್ಕೆ ಕರೆದು, ಐವಿಯ ಮೊಮ್ಮಗ ಹಿಂದೊಮ್ಮೆ ಡೀಸೆಲ್ ಕದ್ದು ಸಿಕ್ಕಿಬಿದ್ದಿದ್ದಾನೆ ಎಂದು ಪಿಸುಗುಟ್ಟಿದ. ಟ್ರಾಂಟರ್ ಅದನ್ನೂ ಬರೆದುಕೊಂಡಳು. ಡೀಸೆಲ್ ಕದಿಯುವವನು ಪಾರಿವಾಳದ ನಕ್ಷೆಯನ್ನು ಆರಿಸಿ ತೆಗೆಯುವುದಿಲ್ಲ ಎಂದು ಮಾತ್ರ ಬರೆಯಲಿಲ್ಲ.

ಕಟ್ಟನ್ನು ಮೇಜಿನ ಮೇಲೆ ಬಿಚ್ಚಿದರು. ಎಂಟು ಹಾಳೆಗಳೂ ಚೆನ್ನಾಗಿದ್ದವು. ತೆಳುವಾದ ಗುಲಾಬಿ ಬಣ್ಣದ ಗೋಡೆ, ಬೂದಿ ಬಣ್ಣದ ಚಾವಣಿ, ಹಂದಿದೊಡ್ಡಿಗೂ ಅರಮನೆಗೆ ಹಾಕುವಷ್ಟೇ ಶ್ರದ್ಧೆಯಿಂದ ಎಳೆದ ಬಾಗಿಲು. ಏಳನೆಯದರ ಜಾಗದಲ್ಲಿದ್ದ ಖಾಲಿ ಹಾಳೆಯನ್ನು ಟ್ರಾಂಟರ್ ಬೆಳಕಿಗೆ ಹಿಡಿದಳು. ಗೋಡೆಕಾಗದ ಅಂಟಿಸುವ ಮೊದಲು ಕೆಳಗೆ ಅಂಟಿಸುವ ದಪ್ಪ ಕಾಗದ, ಯಾವ ಅಂಗಡಿಯಲ್ಲೂ ಸಿಗುವಂಥದ್ದು. ನಾಲ್ಕೂ ಅಂಚು ನೇರ, ಒಂದು ಎಳೆಯೂ ಬಿಟ್ಟಿಲ್ಲ. ಕತ್ತರಿಯಿಂದಲ್ಲ, ಉಕ್ಕಿನ ಪಟ್ಟಿ ಇಟ್ಟು ಚಾಕುವಿನಿಂದ ಕೊಯ್ದದ್ದು. ಪ್ಯೂ ಅಳೆದ. ಉಳಿದ ಎಂಟರ ಅಳತೆಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ನನ್ನ ಹೆಂಡತಿ ಗೋಡೆಗೆ ಕಾಗದ ಕೊಯ್ದರೆ ಅಡಿಗೊಂದು ಇಂಚು ಸೊಟ್ಟ," ಅಂದ ಪ್ಯೂ.

"ಇದೇನು?" ಟ್ರಾಂಟರ್ ಕೇಳಿದಳು.

ಕಾಗದದ ಒಂದು ಮೂಲೆಯಲ್ಲಿ, ಅಂಚಿಗೆ ತಾಗಿ, ಪೆನ್ಸಿಲ್ಲಿನ ಸಣ್ಣ ಗುರುತಿತ್ತು. ಮೀನಿನ ಗಾಳದಂತೆ ಸುತ್ತಿ ಬಂದು, ಬಾಲ ತನ್ನ ಮೈಯನ್ನೇ ದಾಟಿ ಅಂಚಿಗೆ ಮುಟ್ಟುತ್ತಿತ್ತು. ಅಕ್ಷರವಲ್ಲ, ಅಂಕಿಯೂ ಅಲ್ಲ. ಲಾಕ್ಸ್‌ಡೇಲನಿಗೆ ಗೊತ್ತಾಗಲಿಲ್ಲ. ಐವಿ ಕನ್ನಡಕ ಏರಿಸಿ ನೋಡಿ, ಏನೋ ಹೇಳಹೊರಟು, ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು.

ಟ್ರಾಂಟರ್ ಅವಳ ಹಿಂದೆಯೇ ಅಂಗಳಕ್ಕೆ ಹೋದಳು.

"ಐವಿ, ನೀವು ನೋಡಿದ್ದೇನು?"

"ಕಾಗದ."

"ಕಾಗದದ ಮೇಲೆ?"

"ನನಗೆ ಕಣ್ಣು ಮಂಜು ಕಣಮ್ಮ ಡಿಲಿಸ್. ನಿಮ್ಮಮ್ಮನ್ನ ಕೇಳಿದ್ರೆ ಹೇಳ್ತಿದ್ದಳು, ಪಾಪ, ಅವಳೂ ಇಲ್ಲ."

"ಕಳೆದ ಒಂದು ತಿಂಗಳಲ್ಲಿ ಈ ಕೋಣೆಗೆ ಬಂದೋರು ಯಾರ್ಯಾರು?"

ಐವಿ ಬಕೆಟ್ಟಿನ ನೀರು ಚೆಲ್ಲಿದಳು. "ಏಜೆಂಟು ಬಂದ. ಏಜೆಂಟಿನ ನಾಯಿ ಬಂತು, ಮೂಲೇಲಿ ಕಾಲೆತ್ತಿತು, ಅದನ್ನ ಒರೆಸಿದ್ದು ನಾನು. ಬೆಲೆ ಕಟ್ಟೋನು ಲಂಡನ್ನಿಂದ ಬಂದ. ಪೋಸ್ಟಿನವನು. ಡ್ರಾಯರು ತೇವಕ್ಕೆ ಉಬ್ಬಿ ಕಚ್ಚಿಕೊಂಡಿತ್ತು ಅಂತ ಏಮಸ್ ಬಂದು ಕೀಸಿಕೊಟ್ಟ. ಆಮೇಲೆ ನಾನು. ನನ್ನ ಹಿಡ್ಕೊಂಡು ಹೋಗು, ಎರಡು ದಿನ ಕೂತು ಊಟ ಮಾಡ್ತೀನಿ."

"ಏಮಸ್ ಬಂದದ್ದು ಯಾವತ್ತು?"

ಆ ಪ್ರಶ್ನೆಗೆ ಐವಿ ನಾಲಿಗೆ ಕಚ್ಚಿಕೊಂಡಳು. ಹೇಳಬಾರದ್ದು ಬಾಯಿಂದ ಜಾರಿತ್ತು. "ಗುರುವಾರ," ಅಂದಳು. "ಫೆಬ್ರವರಿ ಕೊನೇ ಗುರುವಾರ. ಬೇರೆಯೋರನ್ನ ಕೇಳು ಇನ್ನ."

ಏಮಸ್ ಪ್ರೀಸ್ ಎಸ್ಟೇಟಿನ ಬಡಗಿ. ವಯಸ್ಸು ಅರವತ್ತೊಂದು. ಆ ಸುತ್ತಿನ ಬಾಗಿಲು, ಕಿಟಕಿ, ಶವಪೆಟ್ಟಿಗೆ ಎಲ್ಲ ಅವನ ಕೈಯವೇ. ಟ್ರಾಂಟರಳ ತಾಯಿ ಸತ್ತಾಗ ಅವನೇ ಪೆಟ್ಟಿಗೆ ಮಾಡಿದ್ದ. ತಾಯಿ ತುಂಬ ಕುಗ್ಗಿದ್ದಳು. ಸಿದ್ಧವಿದ್ದ ಪೆಟ್ಟಿಗೆ ದೊಡ್ಡದಾಯಿತೆಂದು, ಯಾರೂ ಕೇಳದಿದ್ದರೂ, ಅಳತೆಗೆ ಸರಿಯಾಗಿ ಹೊಸದೊಂದು ಮಾಡಿ ತಂದಿದ್ದ. ಈ ಋಣ ತನಿಖೆಗೆ ಅಡ್ಡ ಬರಬಹುದೆಂದು ಟ್ರಾಂಟರ್ ಆ ಮಧ್ಯಾಹ್ನವೇ ಮೇಲಧಿಕಾರಿಗೆ ಫೋನ್ ಮಾಡಿ ಹೇಳಿದಳು. "ಆ ಜಿಲ್ಲೆಯಲ್ಲಿ ಅವನ ಪೆಟ್ಟಿಗೆಗೆ ಋಣಿಯಲ್ಲದ ಅಧಿಕಾರಿ ಸಿಗೋದು ಕಷ್ಟ, ನೀವೇ ಮುಂದುವರಿಸಿ," ಎಂಬ ಉತ್ತರ ಬಂತು.

ಆದರೆ ಕೋಣೆಗೆ ಬಂದದ್ದಷ್ಟೇ ಸಾಕ್ಷಿಯಾಗುವುದಿಲ್ಲ. ಒಂದೇ ಹಾಳೆ ಯಾಕೆ ಎಂಬುದು ಮೊದಲು ತಿಳಿಯಬೇಕಿತ್ತು. ಮಧ್ಯಾಹ್ನ 3-10ಕ್ಕೆ ಅವಳು ಜಿಲ್ಲಾ ದಾಖಲೆ ಕಚೇರಿಯ ಮಿಸ್ ನಾಕ್‌ಗೆ ಫೋನ್ ಮಾಡಿದಳು. 1958ರಲ್ಲಿ ಆ ಕಚೇರಿ ಒಂಬತ್ತೂ ನಕ್ಷೆಗಳ ಫೋಟೋ ತೆಗೆದಿತ್ತು.

"ಫೋಟೋ ಇರುವಾಗ ಹಾಳೆ ಯಾರಿಗೆ ಬೇಕು, ಮಿಸ್ ನಾಕ್?"

"ಏಳನೇದಾ? ಅದರ ಫೋಟೋ ಅರ್ಧ ಸುಳ್ಳು ಕಣ್ರೀ."

"ಅಂದ್ರೆ?"

"ಅದಕ್ಕೆ ರೆಪ್ಪೆ ಇದೆ." ಮಿಸ್ ನಾಕ್‌ಳ ದನಿಗೆ ಜೀವ ಬಂತು. ವರ್ಷಕ್ಕೊಮ್ಮೆಯೂ ಯಾರೂ ಅವಳನ್ನು ಇಂಥದ್ದು ಕೇಳುವುದಿಲ್ಲ. "ಆ ಕಾಲದಲ್ಲಿ ಮನೆ ಯಜಮಾನನಿಗೆ ಎರಡು ನಮೂನೆ ತೋರಿಸಬೇಕಾದರೆ, ಒಂದನ್ನ ಹಾಳೆ ಮೇಲೆ ಬರೀತಿದ್ರು, ಇನ್ನೊಂದನ್ನ ಚಿಕ್ಕ ಕಾಗದದ ಮೇಲೆ ಬರೆದು ಅದರ ಮೇಲೆ ಒಂದು ಅಂಚಿಗೆ ಮಾತ್ರ ಅಂಟಿಸ್ತಿದ್ರು. ಮುಚ್ಚಿದರೆ ಒಂದು, ಎತ್ತಿದರೆ ಇನ್ನೊಂದು. ಏಳನೇ ಹಾಳೆ ಮುಚ್ಚಿದಾಗ ಗೋಪುರಕ್ಕೆ ಮೊಂಡು ಚಾವಣಿ, ಮೇಲೊಂದು ಅಲಂಕಾರದ ಗುಂಡು. ನಮ್ಮೋರು ಮುಚ್ಚಿಕೊಂಡೇ ಫೋಟೋ ತೆಗೆದಿದ್ದಾರೆ. ಪುಣ್ಯಾತ್ಮರು."

"ಎತ್ತಿದರೆ?"

"ಎಂಟು ಮೂಲೆಯ ಮರದ ನೆತ್ತಿಗೂಡು. ಹಕ್ಕಿ ಒಳಗೆ ಹೋಗೋದು ಅದರಲ್ಲೇ. ಯಜಮಾನ ಒಪ್ಪಿ ಕಟ್ಟಿಸಿದ್ದೂ ಅದನ್ನೇ. 1941ರಲ್ಲಿ ಯುದ್ಧಕ್ಕೆ ಸೀಸ ಬೇಕು ಅಂತ ಅದರ ಮೈಮೇಲಿನ ಸೀಸ ಕಿತ್ತು, ಗೂಡನ್ನೂ ಕೆಡವಿದರು. ಅಳತೆ ಅಂತ ಉಳಿದಿರೋದು ಆ ರೆಪ್ಪೆ ಕೆಳಗೆ ಮಾತ್ರ."

ಟ್ರಾಂಟರ್ ಫೋನ್ ಇಟ್ಟು, ಪುಸ್ತಕದಲ್ಲಿ ಒಂದು ಸಾಲು ಬರೆದಳು: ಕಳ್ಳನಿಗೆ ಹಾಳೆ ಬೇಕಿಲ್ಲ, ರೆಪ್ಪೆಯ ಕೆಳಗಿನ ಅಳತೆ ಬೇಕು.

ಪ್ಯೂ ಕಿಟಕಿಯಾಚೆ ನೋಡುತ್ತ ಅಂದ, "ಮೇಡಂ, ಪಾರಿವಾಳ ಗೋಪುರಕ್ಕೆ ಈಗ ಸಾರುವೆ ಕಟ್ಟಿದ್ದಾರೆ. ಗಾಳಿಗೆ ಚಾವಣಿ ಹೋಗಿತ್ತಲ್ಲ, ಅದರ ರಿಪೇರಿ."

"ಕೆಲಸ ಯಾರದು?"

"ಯಾರದಿರುತ್ತೆ," ಅಂದ ಪ್ಯೂ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾರ್ಚ್ 9, ಮಂಗಳವಾರ. ಶೋಧನಾ ವಾರಂಟ್ ಸಿಕ್ಕಾಗ ಬೆಳಿಗ್ಗೆ 10-20. ಏಮಸನ ಕೆಲಸದ ಮನೆ ಹಳೆಯ ಕಣಜದಲ್ಲಿತ್ತು. ಬಾಗಿಲು ತೆರೆದೇ ಇತ್ತು. ಏಮಸ್ ಬೆಂಚಿಗೆ ಬಾಗಿ ಓಕ್ ಪಟ್ಟಿಯೊಂದನ್ನು ಕೀಸುತ್ತಿದ್ದ. ಪೊಲೀಸರನ್ನು ನೋಡಿ ನಿಲ್ಲಿಸಲಿಲ್ಲ. ಹಿಡಿದ ಎಳೆ ಮುಗಿಸಿ, ಪಟ್ಟಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅದರ ಮೇಲೊಂದು ಗುರುತು ಎಳೆದ.

ಮೀನಿನ ಗಾಳ, ಮೈ ದಾಟುವ ಬಾಲ.

"ಅದು ಏನು ಗುರುತು, ಏಮಸ್?" ಟ್ರಾಂಟರ್ ಕೇಳಿದಳು.

"ಮುಖದ ಗುರುತು ಮೇಡಂ. ಮೊದಲು ನೇರ ಮಾಡಿದ ಕಡೆಗೆ ಹಾಕೋದು. ಮಿಕ್ಕ ಅಳತೆ ಎಲ್ಲ ಅಲ್ಲಿಂದಲೇ."

"ಎಲ್ಲ ಬಡಗಿಗಳೂ ಹಾಕ್ತಾರಾ?"

"ಹಾಕ್ತಾರೆ. ಅವರವರ ಕೈ ಅವರವರದು."

"ಕಾಗದಕ್ಕೂ ಹಾಕ್ತಾರಾ?"

ಏಮಸ್ ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ. ಟ್ರಾಂಟರ್ ಪ್ಲಾಸ್ಟಿಕ್ ಚೀಲದಲ್ಲಿದ್ದ ಖಾಲಿ ಹಾಳೆಯನ್ನು ಬೆಂಚಿನ ಮೇಲಿಟ್ಟಳು. ಅವನು ಬಾಗಿ ನೋಡಿದ.

"ನೋಡು ಮತ್ತೆ," ಅಂದ ಕೊನೆಗೆ, ತನಗೆ ತಾನೇ ಬೈದುಕೊಳ್ಳುವಂತೆ. "ಕತ್ತೆ. ಹಾಕಿದ್ದು ಗೊತ್ತೇ ಆಗಿಲ್ಲ."

"ಹಾಳೆ ಎಲ್ಲಿ?"

ಅವನು ಗೋಡೆಯ ಕಪಾಟು ತೆರೆದ. ಒಳಗೆ ತೆಳ್ಳಗಿನ ಓಕ್ ಪೆಟ್ಟಿಗೆ, ಅದೇ ತಿಂಗಳು ಮಾಡಿದ್ದು. ಒಳಭಾಗಕ್ಕೆ ಒಗೆದು ಇಸ್ತ್ರಿ ಮಾಡಿದ ಬಿಳಿ ಹತ್ತಿಬಟ್ಟೆ. ಬಟ್ಟೆಯ ನಡುವೆ ಏಳನೇ ಹಾಳೆ. ಒಂದು ಕಲೆ, ಒಂದು ಮಡಿಕೆ ಹೆಚ್ಚಾಗಿರಲಿಲ್ಲ. ದೊಡ್ಡಮನೆಯವರು ಅದನ್ನು ಇಟ್ಟಿದ್ದ ತೇವದ ಡ್ರಾಯರಿಗಿಂತ ಹತ್ತು ಪಾಲು ಚೆನ್ನಾಗಿ ಇಟ್ಟಿದ್ದ.

ಪ್ಯೂ ಅಷ್ಟರಲ್ಲಿ ಕಾಲಿನಿಂದ ನೆಲದ ಮರದ ಸಿಪ್ಪೆ ಸರಿಸಿದ್ದ. "ಮೇಡಂ, ಇಲ್ಲಿ ನೋಡಿ."

ನೆಲದ ಹಲಗೆಗಳ ಮೇಲೆ ಚಾಕುವಿನ ಮೊನೆಯಿಂದ ಗೆರೆ ಕೊರೆದಿತ್ತು. ಎಂಟು ಮೂಲೆ, ಎಂಟು ಕಂಬ, ಕಮಾನು, ಹಕ್ಕಿ ಬಂದು ಇಳಿಯುವ ಪಟ್ಟಿ. ನಕ್ಷೆಯಲ್ಲಿ ಅಂಗೈಯಷ್ಟಿದ್ದ ನೆತ್ತಿಗೂಡು ನೆಲದ ಮೇಲೆ ನಿಜದ ಅಳತೆಯಲ್ಲಿ ಮಲಗಿತ್ತು. ಗೋಡೆಗೆ ಒರಗಿಸಿದ ಓಕ್ ತುಂಡುಗಳನ್ನು ಆ ಗೆರೆಗಳಿಗೆ ಸರಿಯಾಗಿ ಕೊಯ್ದು, ಸಂದು ಕೂಡಿಸಿ, ಎಣಿಸಿ ನಿಲ್ಲಿಸಿದ್ದ.

"ಇನ್ನೆಷ್ಟು ಕೆಲಸ ಬಾಕಿ?" ಟ್ರಾಂಟರ್ ಕೇಳಿದಳು. ತನಿಖೆಗೆ ಬೇಕಾದ ಪ್ರಶ್ನೆಯಲ್ಲ ಅದು.

"ಮೂರು ಪಟ್ಟಿ. ಆಮೇಲೆ ಸೀಸ." ಏಮಸ್ ಉಳಿಯನ್ನು ಬಟ್ಟೆಯಲ್ಲಿ ಒರೆಸಿ ಜಾಗಕ್ಕೆ ಇಟ್ಟ. "ಹಾಳೆ ನಾಳೆ ವಾಪಸ್ ಇಡೋನಿದ್ದೆ. ನೀವು ಒಂದು ದಿನ ಮುಂಚೆ ಬಂದ್ರಿ."

ಬೆಳಿಗ್ಗೆ 11-25ಕ್ಕೆ ಕಳ್ಳತನದ ಶಂಕೆಯ ಮೇಲೆ ಏಮಸ್ ಪ್ರೀಸ್‌ನನ್ನು ಬಂಧಿಸಲಾಯಿತು. ಟ್ರಾಂಟರ್ ಅವನ ಹಕ್ಕುಗಳನ್ನು ಓದಿ ಹೇಳಿದಳು. ಅವನು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಕಿಟಕಿ ಹಾಕಿ, ಕಾರಿನ ಹಿಂದಿನ ಸೀಟಿನಲ್ಲಿ ಕೂತ. ಅಂಗಳದಲ್ಲಿ ಐವಿ ನಿಂತಿದ್ದಳು.

"ಬಾಯಿ ಬಿಟ್ಟೋಳು ನಾನೇ ಏಮಸ್," ಅಂದಳು ಗಾಜಿನ ಹೊರಗಿಂದ.

"ನೀನಲ್ಲ ಬಿಡು," ಅಂದ ಏಮಸ್. "ನನ್ನ ಪೆನ್ಸಿಲ್ಲು."

ಠಾಣೆಯ ವಿಚಾರಣೆ ಮಧ್ಯಾಹ್ನ 12-40ಕ್ಕೆ, ಟೇಪ್ ಹಾಕಿ. ವಕೀಲ ಬೇಡವೆಂದ. ಟೀ ಬೇಕೆಂದ.

"ತಗೊಂಡದ್ದು ಯಾವಾಗ?"

"ಫೆಬ್ರವರಿ ಇಪ್ಪತ್ತೈದು, ಗುರುವಾರ. ಮೂರು ಗಂಟೆ ಸುಮಾರು."

"ಹೇಗೆ?"

"ಎರಡು ತೆಳು ಹಲಗೆ ಮಧ್ಯ ಇಟ್ಕೊಂಡು. ಖಾಲಿ ಕಾಗದ ಮನೇಲೇ ಕೊಯ್ದಿದ್ದೆ."

"ನೋಡದೆ ಹಾಳೆಯ ಅಳತೆ ಹೇಗೆ ಗೊತ್ತು?"

"ನಲವತ್ತಾರು ವರ್ಷದಿಂದ ಗೊತ್ತು."

"ಹಾಳೆ ಬೇಕು ಅಂತ ಯಾರನ್ನಾದರೂ ಕೇಳಿದ್ರಾ?"

"ಲಾಕ್ಸ್‌ಡೇಲನ್ನ ಕೇಳಿದೆ. ಜನವರಿಲಿ. ಫೋಟೋ ಕೊಟ್ಟಿದೀವಲ್ಲ, ಅದರ ಥರಾ ಗುಂಡು ಇಡು ಅಂದ."

"ರೆಪ್ಪೆ ಇದೆ ಅಂತ ಹೇಳಿದ್ರಾ?"

"ಅವನು ಕೇಳಲಿಲ್ಲ."

"ಶ್ರೀಮತಿ ವಿನ್‌ವುಡ್‌ನ ಕೇಳಬಹುದಿತ್ತಲ್ಲ?"

ಏಮಸ್ ಮುಜುಗರದಿಂದ ಕುರ್ಚಿಯಲ್ಲಿ ಸರಿದು ಕೂತ. "ಒಂದ್ಸಲ ಇಲ್ಲ ಅಂದಮೇಲೆ ಇನ್ನೊಂದ್ಸಲ ಹೇಗೆ ಕೇಳೋದು?"

ಟ್ರಾಂಟರ್ ಅದನ್ನು ಬಿಡಿಸಿ ಕೇಳಲಿಲ್ಲ. ಆ ಸೀಮೆಯ ಜನ ಹಾಗೆಯೇ. ಒಂದು ಸಲ ಕೇಳುತ್ತಾರೆ, ಅದೂ ಟೋಪಿ ಕೈಯಲ್ಲಿ ಹಿಡಿದು. ಎರಡನೇ ಸಲ ಕೇಳುವುದಕ್ಕಿಂತ ಜೈಲು ವಾಸಿ ಎಂದುಕೊಳ್ಳುತ್ತಾರೆ. ಅವಳ ತಂದೆಯೂ ಹಾಗೇ ಇದ್ದ.

"ಗುಂಡು ಇಟ್ಟಿದ್ರೆ ಏನಾಗ್ತಿತ್ತು?"

"ಯಾರಿಗೂ ಏನೂ ಆಗ್ತಿರಲಿಲ್ಲ." ಅವನು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. "ಮಿಸ್ಟರ್ ಬೆಬ್‌ಗೆ ಆಗ್ತಿತ್ತು."

ಎಡ್ಗರ್ ಬೆಬ್ ಎಸ್ಟೇಟಿನ ಹಳೆಯ ಕಟ್ಟಡ ಮೇಸ್ತ್ರಿ. ಎಂಬತ್ತೆಂಟು ವರ್ಷ. ಊರಿನ ವೃದ್ಧರ ಆಸ್ಪತ್ರೆಯಲ್ಲಿದ್ದ. 1941ರಲ್ಲಿ ಯಜಮಾನರ ಮಾತಿನಂತೆ ಆ ನೆತ್ತಿಗೂಡನ್ನು ಕೆಡವಿದವನು ಅವನೇ.

"ಅದನ್ನ ಮತ್ತೆ ಇಡಬೇಕು ಅಂತ ಅವರು ನನಗೆ ಸಾವಿರ ಸಲ ಹೇಳಿದಾರೆ. ಈಗ ಡಾಕ್ಟರು ಬದುಕಿದ್ರೆ ಮುಂದಿನ ತಿಂಗಳ ಈಸ್ಟರ್‌ವರೆಗೆ ಅಂತಾರೆ. ನರ್ಸು ಅಷ್ಟೂ ಇಲ್ಲ ಅಂತಾಳೆ."

"ಅವರಿಗೆ ತೋರಿಸಬೇಕು ಅಂತ ಮಾಡಿದ್ರಾ?"

"ತೋರಿಸೋದು ಎಲ್ಲಿ ಬಂತು ಮೇಡಂ. ಕ್ರಿಸ್‌ಮಸ್ಸಿಂದ ಅವರಿಗೆ ಕಣ್ಣೇ ಕಾಣಲ್ಲ."

ಪ್ಯೂ ಬರೆಯುವುದನ್ನು ನಿಲ್ಲಿಸಿದ.

"ಹಾಗಾದ್ರೆ ಗುಂಡು ಇಟ್ಟು, ಗೂಡು ಇಟ್ಟೆ ಅಂತ ಹೇಳಬಹುದಿತ್ತು," ಅಂದಳು ಟ್ರಾಂಟರ್.

"ಅವರು ಅಳತೆ ಕೇಳ್ತಾರೆ."

"ಅಳತೆನೂ ಸುಳ್ಳು ಹೇಳಬಹುದಿತ್ತು."

ಏಮಸ್ ಅವಳನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟೂ ತಿಳಿಯದವಳೇ ಎಂಬ ಅಚ್ಚರಿಯಿತ್ತು. ಆಮೇಲೆ, ಯಾರೂ ಕೇಳದೆ, ಅವನು ಮಾತಾಡಿದ.

"ನಾನು ಎಸ್ಟೇಟಿಗೆ ಬಂದಾಗ ಹದಿನೈದು. ಓದೋಕೆ ಬರ್ತಿರಲಿಲ್ಲ. ಒಂದಕ್ಷರ ಇಲ್ಲ. ಇವನಿಗಿಂತ ಬೆಂಚಿಗೆ ಬುದ್ಧಿ ಜಾಸ್ತಿ ಅಂತ ಮೇಷ್ಟ್ರು ತರಗತಿ ಎದುರಿಗೆ ಅಂದಿದ್ರು. ಮೊದಲ ದಿನ ಮಿಸ್ಟರ್ ಬೆಬ್ ಆ ಪಾರಿವಾಳದ ಹಾಳೆ ಬಿಡಿಸಿ, ಓದು ಅಂದ್ರು. ಬರಲ್ಲ ಅಂದೆ. ಬೆರಳಿಟ್ಟು, ಇದೇನು ಅಂದ್ರು. ಬಾಗಿಲು ಅಂದೆ. ಇದು? ಮೆಟ್ಟಿಲು. ಇದು? ಗೋಡೆ, ಒಳಗಡೆ ಗೂಡು ಗೂಡು. 'ಮತ್ತೆ ಓದ್ತಾ ಇದೀಯಲ್ಲೋ' ಅಂದ್ರು. ಆಮೇಲೆ ಬಾಗಿಲ ಪಕ್ಕ ಬರೆದಿರೋದು ಬಾಗಿಲು ಅಂತ ಗೊತ್ತಾಯ್ತು. ಮೆಟ್ಟಿಲ ಪಕ್ಕ ಬರೆದಿರೋದು ಮೆಟ್ಟಿಲು. ಒಂಬತ್ತು ಹಾಳೆ ಮುಗಿಯೋ ಹೊತ್ತಿಗೆ ಓದೋಕೆ ಬರ್ತಿತ್ತು. ಎರಡು ಚಳಿಗಾಲ ಹಿಡಿಯಿತು. ಅವರು ಯಾರಿಗೂ ಹೇಳಲಿಲ್ಲ. ನಮ್ಮವ್ವಂಗೂ ಗೊತ್ತಿರಲಿಲ್ಲ ನನಗೆ ಓದೋಕೆ ಬರ್ತಿರಲಿಲ್ಲ ಅಂತ."

ಟೀ ತಣ್ಣಗಾಗಿತ್ತು. ಕುಡಿದ.

"ಅಂಥೋರಿಗೆ ಕಾಲಿಂಚು ಸುಳ್ಳು ಹೇಳೋಕೆ ಆಗಲ್ಲ."

ಹೇಳಿಕೆ ಟೈಪಾಗಿ ಬಂದಾಗ 2-50. ಸಹಿ ಜಾಗ ತೋರಿಸಿ ಪ್ಯೂ ಪೆನ್ನು ಕೊಟ್ಟ. ಏಮಸ್ ಪೆನ್ನು ಪಕ್ಕಕ್ಕಿಟ್ಟು, ಎರಡೂ ಪುಟವನ್ನು ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಹನ್ನೆರಡು ನಿಮಿಷ ಹಿಡಿಯಿತು. ನೆತ್ತಿಗೂಡಿನ ಎತ್ತರ ಏಳು ಅಡಿ ಎಂದು ಬಿದ್ದಿದ್ದನ್ನು ಹೊಡೆದು, ಏಳು ಅಡಿ ಎರಡು ಇಂಚು ಎಂದು ತಿದ್ದಿ, ಸಹಿ ಮಾಡಿದ.

ಹ್ಯಾರಿಯೆಟ್ ವಿನ್‌ವುಡ್ ಠಾಣೆಗೆ ಬಂದದ್ದು ನಾಲ್ಕಕ್ಕೆ. ಹೇಳಿಕೆಯ ಸಾರಾಂಶ ಕೇಳಿ, ಎದ್ದು, ಏಮಸ್ ಕೂತಿದ್ದ ಕೋಣೆಗೆ ಹೋದಳು.

"ನನ್ನ ಕೇಳಿದ್ರೆ ಕೊಡ್ತಿದ್ದೆನಲ್ಲ ಏಮಸ್!"

"ಗೊತ್ತು ಅಮ್ಮಾವ್ರೇ."

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ನೀವು ಯಾಕೆ ಬೇಕು ಅಂತ ಕೇಳ್ತಿದ್ರಿ. ಹೇಳಬೇಕಾಗ್ತಿತ್ತು."

ಅವಳು ಕುರ್ಚಿ ಎಳೆದುಕೊಂಡು ಅವನೆದುರು ಕೂತು, "ಆ ರೆಪ್ಪೆ ಹೇಗೆ ಎತ್ತೋದು ತೋರಿಸು," ಅಂದಳು. "ಮೂವತ್ತು ವರ್ಷ ಆ ಮನೇಲಿದೀನಿ, ಅದಕ್ಕೆ ರೆಪ್ಪೆ ಇದೆ ಅಂತ ನನಗೆ ಯಾರೂ ಹೇಳಿಲ್ಲ." ಸಾಕ್ಷ್ಯದ ಹಾಳೆಯನ್ನು ಟ್ರಾಂಟರ್ ತಾನೇ ತಂದು ಮೇಜಿನ ಮೇಲಿಟ್ಟಳು. ಏಮಸ್ ಕೈ ತೊಳೆದು ಬಂದು, ಕಾಗದವನ್ನು ಉಗುರಿನಿಂದ ಎತ್ತಿದ. ಗುಂಡು ಮಾಯವಾಗಿ ಗೂಡು ಕಂಡಿತು. ವಿನ್‌ವುಡ್ ಎರಡು ಮೂರು ಸಲ ತಾನೂ ಮುಚ್ಚಿ ತೆರೆದು ನೋಡಿದಳು. "ನಮ್ಮ ಗೋಪುರಕ್ಕೆ ತಲೆ ಕೊಡ್ತಾ ಇದೀಯ. ನಾನು ನಿನ್ನ ಮೇಲೆ ದೂರು ಕೊಟ್ಟಿದೀನಿ," ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು, ಮೂಗು ಸೊರ್ರನೆ ಎಳೆದು ಅದನ್ನು ಶೀತವೆಂದು ತೋರಿಸಿಕೊಂಡಳು.

ವಸ್ತುವನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶವಿಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅದು ಕಳ್ಳತನವಾಗುವುದಿಲ್ಲ. ಖಾಲಿ ಕಾಗದ ಆ ಉದ್ದೇಶಕ್ಕೆ ಸಾಕ್ಷಿ ಎಂದು ವಾದಿಸಬಹುದಿತ್ತು. ವಾಪಸ್ ಕೊಡುವ ಉದ್ದೇಶಕ್ಕೆ ಇಸ್ತ್ರಿ ಮಾಡಿದ ಬಟ್ಟೆಯ ಪೆಟ್ಟಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಎಂದು ಟ್ರಾಂಟರ್ ಬರೆದಳು. ದೂರು ವಾಪಸಾಯಿತು. ಬಾಯಿಮಾತಿನ ಎಚ್ಚರಿಕೆ ಕೊಟ್ಟು ಸಂಜೆ 5-30ಕ್ಕೆ ಏಮಸನನ್ನು ಬಿಟ್ಟರು. ಗುರುವಾರ ಹಳೆಯ ಕಟ್ಟಡಗಳ ರಿಪೇರಿಗೆ ಅನುಮತಿ ಕೊಡುವ ಅಧಿಕಾರಿ ಬಂದು ರೆಪ್ಪೆ ಎತ್ತಿ ನೋಡಿ, ಗುಂಡಿನ ಬದಲು ಗೂಡಿಗೆ ಒಪ್ಪಿಗೆ ಹಾಕಿದ. ಶುಕ್ರವಾರ ಒಂಬತ್ತೂ ಹಾಳೆ ವ್ಯಾನಿನಲ್ಲಿ ಹೋದವು. ಏಳನೆಯದು ಏಮಸ್ ಮಾಡಿದ ಪೆಟ್ಟಿಗೆಯಲ್ಲಿ ಹೋಯಿತು. ಮಿಸ್ ನಾಕ್ ಅದಕ್ಕೆ ಮುಂಚೆಯೇ ಫೋಟೋಗ್ರಾಫರನನ್ನು ಕಳಿಸಿ, ಈ ಸಲ ಎರಡೂ ತೆಗೆಸಿಕೊಂಡಿದ್ದಳು.

ಸೋಮವಾರ, 15ನೇ ತಾರೀಕು ಬೆಳಿಗ್ಗೆ ನೆತ್ತಿಗೂಡು ಹಗ್ಗ ರಾಟೆಯಲ್ಲಿ ಮೇಲೇರಿತು.

ಮರುದಿನ ಮಧ್ಯಾಹ್ನ ಮೂರಕ್ಕೆ ಟ್ರಾಂಟರ್ ವೃದ್ಧರ ಆಸ್ಪತ್ರೆಗೆ ಹೋದಳು. ಕಡತ ಮುಚ್ಚುವ ಮೊದಲು ಹೇಳಿಕೆಯನ್ನು ಬೆಬ್‌ನ ಮಾತಿನೊಂದಿಗೆ ತಾಳೆ ನೋಡುವುದು ಕೆಲಸ. ಅವಳು ಹೋದಾಗ ಏಮಸ್ ಮಂಚದ ಪಕ್ಕ, ಟೋಪಿ ಮೊಣಕಾಲ ಮೇಲಿಟ್ಟು ಕೂತಿದ್ದ. ಮುದುಕ ಕಣ್ಣು ಮುಚ್ಚಿ ಮಲಗಿದ್ದ. ಅವನಿಂದ ಏಮಸನ ವಿಚಾರಣೆ ನಡೆದಿತ್ತು, ಠಾಣೆಯಲ್ಲಿ ನಡೆದದ್ದಕ್ಕಿಂತ ಬಿಗಿಯಾಗಿ. ಅವಳು ಬಾಗಿಲಲ್ಲೇ ನಿಂತಳು.

"ಕಂಬ?"

"ಮೂರೂಮುಕ್ಕಾಲು ಇಂಚು, ಚೌಕ."

"ಮರ?"

"ಓಕ್. ಒಂಬತ್ತು ವರ್ಷ ಒಣಗಿದ್ದು."

"ಮೊಳೆ ಹೊಡೆದ್ಯಾ?"

"ಮರದ ಗೂಟ. ಕಬ್ಬಿಣ ಒಂದೂ ಇಲ್ಲ."

"ಹಕ್ಕಿ ಇಳಿಯೋ ಪಟ್ಟಿ ಎಷ್ಟು ಮುಂದಕ್ಕೆ?"

"ಐದೂಕಾಲು."

"ಐದು," ಅಂದ ಮುದುಕ.

"ಐದೂಕಾಲು, ಮಿಸ್ಟರ್ ಬೆಬ್. ನಕ್ಷೆ ಮೇಲೆ ಕೈವಾರ ಇಟ್ಟು ಮೂರು ಸಲ ನೋಡಿದೀನಿ."

ಹೊದಿಕೆಯ ಮೇಲ್ಗಡೆ ಮುದುಕನ ಹೆಬ್ಬೆರಳು ತೋರುಬೆರಳು ಏನನ್ನೋ ಅಳೆಯುವಂತೆ ಅಗಲವಾಗಿ, ಹತ್ತಿರವಾಗಿ, ಮತ್ತೆ ಅಗಲವಾದವು.

"ಹಾಗಾದ್ರೆ ಇಷ್ಟು ವರ್ಷ ನಿನಗೆ ತಪ್ಪು ಹೇಳಿಕೊಟ್ಟಿದೀನಿ."

"ಕಾಲಿಂಚು."

"ಕಾಲಿಂಚೂ ತಪ್ಪೇ ಕಣೋ." ಆಮೇಲೆ ಕೇಳಿದ, "ಪಾರಿವಾಳ ಬಂದ್ವಾ?"

"ಇಲ್ಲ. ಎರಡು ಕಾಗೆ ಬಂದು ಕೂತಿವೆ."

ಮುದುಕನಿಗೆ ನಗು ಬಂತು, ನಗು ಕೆಮ್ಮಾಯಿತು, ಏಮಸ್ ಎದ್ದು ಅವನ ಬೆನ್ನಿಗೆ ಕೈ ಕೊಟ್ಟು ಕೂರಿಸಿದ. ಕೆಮ್ಮು ನಿಂತ ಮೇಲೂ ಕೈ ತೆಗೆಯಲಿಲ್ಲ. ಟ್ರಾಂಟರಳಿಗೆ ತಾಳೆ ನೋಡುವುದು ಏನೂ ಉಳಿದಿರಲಿಲ್ಲ. ಸದ್ದು ಮಾಡದೆ ಹೊರಟಳು.

ಕಡತವನ್ನು ಅವಳು 4-50ಕ್ಕೆ ಮುಚ್ಚಿದಳು. ಕೊನೆಯ ಪುಟದಲ್ಲಿ ಕೃತ್ಯದ ಕಾರಣ ಬರೆಯುವ ಜಾಗ ಎರಡು ಬೆರಳಿನಷ್ಟೇ ಇರುತ್ತದೆ. ಅದರಲ್ಲಿ ಹೀಗೆ ಬರೆದಳು: ತನಗೆ ಓದು ಕಲಿಸಿದವರು ಬದುಕಿರುವಾಗಲೇ, ಅವರ ಕೈಯಿಂದ ಬಿದ್ದದ್ದನ್ನು ಎತ್ತಿ ನಿಲ್ಲಿಸಬೇಕಿತ್ತು.